ಹಸುವಿಗೆ ಸೂಜಿ ಚುಚ್ಚುವ ಹಕ್ಕು ಯಾರಿಗಿದೆ?

ಪ್ರಶ್ನೆ: ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿ. ಮೂರು ಎಚ್‌ಎಫ್ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತೇನೆ. ಹೋದ ತಿಂಗಳು ಮೂರನೇ ಸೂಲಿನ ಹಸು ಕರು ಹಾಕಿದ ಎರಡನೇ ದಿನ ಬೆಳಗ್ಗೆ ಮೇಲಕ್ಕೇಳಲಿಲ್ಲ. ಕತ್ತನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿತ್ತು, ಕಿವಿ ತಣ್ಣಗಿತ್ತು. ಸರ್ಕಾರಿ ಡಾಕ್ಟರು ಸಿಗಲಿಲ್ಲ. ಬೈಕಿನಲ್ಲಿ ಬಂದು ನೋಡುವವರೊಬ್ಬರಿದ್ದಾರೆ, ಊರೆಲ್ಲ ಅವರನ್ನು ಡಾಕ್ಟರೇ ಅಂತಲೇ ಕರೆಯುತ್ತದೆ. ಅವರು ಬಂದು ಕುತ್ತಿಗೆಯ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರು. ಐದು ನಿಮಿಷಕ್ಕೆ ಬಾಟಲಿ ಖಾಲಿ. ಹಸು ಒಂದು ಸಲ ಅರಚಿ ಕಾಲು ಚಾಚಿತು, ಮತ್ತೆ ಉಸಿರಾಡಲಿಲ್ಲ. ‘ಹಾರ್ಟ್ ಅಟ್ಯಾಕ್, ಏನೂ ಮಾಡಕ್ಕಾಗಲ್ಲ’ ಅಂದರು. ಅವರಿಗೆ 800 ರೂಪಾಯಿ ಫೋನ್‌ಪೇ ಮಾಡಿದೆ. ಸಂಜೆಯೊಳಗೆ ಗುಂಡಿ ತೆಗೆದು ಹೂತೆವು, ಕಿವಿಗೆ ಹಾಕಿದ್ದ ನಂಬರಿನ ಓಲೆ ಮಾತ್ರ ತೆಗೆದಿಟ್ಟುಕೊಂಡಿದ್ದೇನೆ. ವಿಮೆ ಇತ್ತು. ಈಗ ಪೋಸ್ಟ್‌ಮಾರ್ಟಂ ವರದಿ ಎಲ್ಲಿ ಎಂದು ಕೇಳುತ್ತಿದ್ದಾರೆ. ‘ಅವರು ಡಿಪ್ಲೊಮಾ ಓದಿದ್ದಾರೆ, ಇಂಜೆಕ್ಷನ್ ಕೊಡಬಹುದು’ ಎಂದು ಒಬ್ಬರು, ‘ಸರ್ಕಾರಿ ಡಾಕ್ಟರು ಬಿಟ್ಟರೆ ಯಾರೂ ಮುಟ್ಟುವ ಹಾಗಿಲ್ಲ’ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ನಿಜ? ಮನುಷ್ಯರಿಗೆ ಮದ್ದು ಕೊಡುವ ನಕಲಿ ಡಾಕ್ಟರ ಕ್ಲಿನಿಕ್‌ಗೆ ಅಧಿಕಾರಿಗಳು ಬಂದು ಬೀಗ ಹಾಕುತ್ತಾರೆ, ಹಸುವಿನ ವಿಷಯಕ್ಕೆ ಯಾಕಿಲ್ಲ? ದೂರು ಕೊಟ್ಟರೆ ನಾಳೆ ನಮ್ಮ ಕೊಟ್ಟಿಗೆಗೆ ಯಾರೂ ಬರುವುದಿಲ್ಲವೇನೋ ಎಂಬ ಭಯ ಬೇರೆ. ಇನ್ನೊಂದು ಹಸು ಏಳು ತಿಂಗಳ ಗಬ್ಬ. ಏನು ಮಾಡಲಿ?

ಉತ್ತರ: ಹಾಲು ಕರೆಯುವ ಹಸು ಕಣ್ಣೆದುರಿಗೇ ಹೋದರೆ ಮನೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನಿಮ್ಮ ಸಂಕಟ ಅರ್ಥವಾಗುತ್ತದೆ. ನೀವು ಕೇಳಿರುವುದರಲ್ಲಿ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಬಂದವರಿಗೆ ಚಿಕಿತ್ಸೆ ಮಾಡುವ ಹಕ್ಕಿತ್ತೇ, ಹಸು ಸತ್ತದ್ದು ಅವರ ಕೈಯಿಂದಲೇ, ವಿಮೆಯ ಹಣ ಇನ್ನೂ ಸಿಗಬಹುದೇ, ದೂರು ಎಲ್ಲಿ ಮತ್ತು ಹೇಗೆ. ಇವನ್ನು ಬಿಡಿಬಿಡಿಯಾಗಿಯೇ ನೋಡಬೇಕು. ಒಂದಕ್ಕೆ ಉತ್ತರ ಸಿಕ್ಕಿತೆಂದು ಇನ್ನೊಂದಕ್ಕೂ ಸಿಕ್ಕಿತು ಎಂದುಕೊಳ್ಳುವಂತಿಲ್ಲ.

ನಿಮಗೆ ಹೇಳಿದ ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಕಾಯ್ದೆ ನೋಡುವುದು ಸರ್ಕಾರಿಯೋ ಖಾಸಗಿಯೋ ಎಂದಲ್ಲ, ರಿಜಿಸ್ಟರಿನಲ್ಲಿ ಹೆಸರಿದೆಯೋ ಇಲ್ಲವೋ ಎಂದು. ಪಶುವೈದ್ಯರ ಪದವಿಯಾದ ಬಿ.ವಿ.ಎಸ್ಸಿ. ಪಡೆದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಖಾಸಗಿಯಾಗಿ ಚಿಕಿತ್ಸೆ ಮಾಡಬಹುದು, ಹಾಲು ಒಕ್ಕೂಟದ ಪರವಾಗಿಯೂ ಮಾಡಬಹುದು. ಸರ್ಕಾರಿ ನೌಕರಿಯಲ್ಲಿದ್ದರೂ ನೋಂದಣಿ ಇಲ್ಲದವರು ಪಶುವೈದ್ಯರ ಹುದ್ದೆಯಲ್ಲಿ ಕೂರುವಂತಿಲ್ಲ. ಡಿಪ್ಲೊಮಾದವರ ಸಂಗತಿ ಇವೆರಡರ ನಡುವೆ ಇದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲೇ.

ಈ ವಿಷಯಕ್ಕಿರುವ ಕಾಯ್ದೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ. ಅದರ 30ನೇ ಕಲಂ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ನೋಂದಾಯಿತ ಪಶುವೈದ್ಯರಲ್ಲದವರು ನಾಲ್ಕು ಕೆಲಸ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ: ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಗಳಲ್ಲಿ ಪಶುವೈದ್ಯರ ಹುದ್ದೆ ಹಿಡಿಯುವಂತಿಲ್ಲ, ಪಶುವೈದ್ಯ ವೃತ್ತಿ ಮಾಡುವಂತಿಲ್ಲ, ಕಾನೂನು ಕೇಳುವ ಆರೋಗ್ಯ ಪ್ರಮಾಣಪತ್ರಗಳಿಗೆ ಸಹಿ ಹಾಕುವಂತಿಲ್ಲ, ಕೋರ್ಟಿನಲ್ಲಿ ಪಶುವೈದ್ಯ ತಜ್ಞರಾಗಿ ಸಾಕ್ಷಿ ಹೇಳುವಂತಿಲ್ಲ. ಎರಡನೆಯದು ನಿಮ್ಮ ಹಸುವಿನ ಚಿಕಿತ್ಸೆಗೆ ಸಂಬಂಧಪಟ್ಟದ್ದು, ಮೂರನೆಯದು ನಿಮ್ಮ ವಿಮೆಗೆ.

ಇದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಸ್ಟಾಕ್‌ಮನ್, ಸ್ಟಾಕ್ ಅಸಿಸ್ಟೆಂಟ್, ಪಶುವೈದ್ಯಕೀಯ ಮೇಲ್ವಿಚಾರಕ ಮುಂತಾದ ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದವರಿಗೆ ರಾಜ್ಯ ಸರ್ಕಾರ ಆದೇಶ ಹೊರಡಿಸಿ ‘ಕಿರು ಪಶುವೈದ್ಯಕೀಯ ಸೇವೆ’ಗೆ ಅನುಮತಿ ಕೊಡಬಹುದು. ಆದರೆ ಅವರು ಆ ಕೆಲಸವನ್ನು ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲೇ ಮಾಡಬೇಕು. ಕಿರು ಸೇವೆ ಎಂದರೆ ಏನೆಂದು ಕಾಯ್ದೆಯೇ ಉದಾಹರಣೆ ಕೊಟ್ಟಿದೆ: ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಮದ್ದು ಹಚ್ಚಿ ಕಟ್ಟುವುದು. ಇದಕ್ಕಿಂತ ಹೆಚ್ಚಿನದನ್ನು ಸೇರಿಸಬೇಕಾದರೆ ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು.

ಹಾಗಾಗಿ ಡಿಪ್ಲೊಮಾ ಓದಿದವರೊಬ್ಬರು ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಮೂರು ಪ್ರಶ್ನೆ ಕೇಳಬೇಕು. ಅವರ ಡಿಪ್ಲೊಮಾ ರಾಜ್ಯದ ಆದೇಶದ ವ್ಯಾಪ್ತಿಗೆ ಬರುತ್ತದೆಯೇ? ಮಾಡಿದ ಕೆಲಸ ಕಿರು ಸೇವೆಯ ಪಟ್ಟಿಯಲ್ಲಿದೆಯೇ? ಯಾವ ನೋಂದಾಯಿತ ವೈದ್ಯರ ನಿರ್ದೇಶನದಲ್ಲಿ ಮಾಡಿದರು, ಆ ವೈದ್ಯರ ಹೆಸರೇನು? ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ವಿನಾಯಿತಿ ನಿಲ್ಲುವುದಿಲ್ಲ. ನೆಲ ಹಿಡಿದ ಹಸುವಿಗೆ ರೋಗ ಇಂಥದ್ದೆಂದು ತಾವೇ ತೀರ್ಮಾನಿಸಿ, ಯಾರನ್ನೂ ಕೇಳದೆ ನರಕ್ಕೆ ಕ್ಯಾಲ್ಸಿಯಂ ಹಾಕುವುದು ಲಸಿಕೆ ಹಾಕಿದಂತಲ್ಲ. ಅದು ರೋಗ ಗುರುತಿಸಿ ಮದ್ದು ಕೊಡುವ ಕೆಲಸ, ಅಂದರೆ ಪಶುವೈದ್ಯ ವೃತ್ತಿಯೇ.

ಹೀಗೆ ಡಿಪ್ಲೊಮಾ, ಸರ್ಟಿಫಿಕೇಟ್‌ಗಳ ಬಲದ ಮೇಲೆ ವೃತ್ತಿ ಮಾಡುತ್ತಿದ್ದವರು ಈ ಕಲಮನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಉದಯ್ ಸಿಂಗ್ ದಾಗರ್ ಪ್ರಕರಣದ 2007ರ ತೀರ್ಪಿನಲ್ಲಿ ಕೋರ್ಟು ಕಲಮನ್ನು ಎತ್ತಿಹಿಡಿಯಿತು. ‘ಇಪ್ಪತ್ತು ವರ್ಷದ ಕೈ ಅದು, ಅನುಭವವೇ ಪದವಿ’ ಎಂಬ ಮಾತು ಊರಿನಲ್ಲಿ ನಡೆಯಬಹುದು, ಕಾನೂನಿನಲ್ಲಿ ನಡೆಯುವುದಿಲ್ಲ.

ಇನ್ನೂ ಕೆಲವು ತಪ್ಪು ತಿಳಿವಳಿಕೆಗಳಿವೆ. ಕೃತಕ ಗರ್ಭಧಾರಣೆಯ ತರಬೇತಿ ಪಡೆದವರು ಹಸುವಿಗೆ ಬೀಜ ಕೊಡಲು ತಯಾರಾದವರು. ಅವರ ಕೈಯಲ್ಲಿ ಬೀಜ ಕೊಡುವ ಎಐ ಗನ್ ಇದೆ ಎಂದ ಮಾತ್ರಕ್ಕೆ ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಡುವ ಅಧಿಕಾರ ಬರುವುದಿಲ್ಲ. ಮೆಡಿಕಲ್ ಶಾಪಿನವರು ಲಕ್ಷಣ ಕೇಳಿ ಮದ್ದು ಕೊಡುವುದೂ ಅಷ್ಟೇ. ಷೆಡ್ಯೂಲ್ ಎಚ್ ಎಂದು ಮುದ್ರಿಸಿರುವ ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಎಂಬಿಬಿಎಸ್ ಮಾಡಿದವರಿಗೂ ಹಸುವಿಗೆ ಚಿಕಿತ್ಸೆ ಮಾಡುವ ನೋಂದಣಿ ಇರುವುದಿಲ್ಲ. ಆದರೆ ನಿಮ್ಮ ಹಸುವಿಗೆ ನೀವೇ ಗೊಟ್ಟದಲ್ಲಿ ಮನೆಮದ್ದು ಕುಡಿಸಿದರೆ ಅದು ವೃತ್ತಿಯಲ್ಲ, ಅದಕ್ಕೆ ಯಾರೂ ನಿಮ್ಮನ್ನು ಹಿಡಿಯುವುದಿಲ್ಲ.

ಈಗ ನಿಮ್ಮ ಬೀಗದ ಪ್ರಶ್ನೆ. ಅದು ಬಹಳ ಸರಿಯಾದ ಪ್ರಶ್ನೆ, ಉತ್ತರ ಸಂವಿಧಾನದಲ್ಲೇ ಇದೆ. 7ನೇ ಅನುಸೂಚಿಯಲ್ಲಿ ಮನುಷ್ಯರ ವೈದ್ಯವೃತ್ತಿ ಸಮವರ್ತಿ ಪಟ್ಟಿಯ 26ನೇ ನಮೂದಿನಲ್ಲಿದೆ. ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಪಶುವೈದ್ಯ ತರಬೇತಿ ಮತ್ತು ವೃತ್ತಿ ಇರುವುದು ರಾಜ್ಯ ಪಟ್ಟಿಯ 15ನೇ ನಮೂದಿನಲ್ಲಿ. ಹಾಗಾಗಿ ಸಂಸತ್ತು ತಾನಾಗಿಯೇ ಇಡೀ ದೇಶಕ್ಕೆ ಪಶುವೈದ್ಯರ ಕಾಯ್ದೆ ತರುವಂತಿರಲಿಲ್ಲ. ಹರಿಯಾಣ, ಬಿಹಾರ, ಒಡಿಶಾ, ಹಿಮಾಚಲ ಪ್ರದೇಶ, ರಾಜಸ್ಥಾನದ ಶಾಸಕಾಂಗಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ 252ನೇ ವಿಧಿಯಡಿ 1984ರ ಕಾಯ್ದೆ ಬಂತು. ಉಳಿದ ರಾಜ್ಯಗಳು ಆಮೇಲೆ ಅದನ್ನು ಒಪ್ಪಿಕೊಳ್ಳುತ್ತ ಬಂದವು. ರಿಜಿಸ್ಟರ್ ಇಡುವ ಕೆಲಸ ರಾಜ್ಯ ಪರಿಷತ್ತಿನದು, ಕಿರು ಸೇವೆಯ ಪಟ್ಟಿ ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ಅದಕ್ಕೇ ಒಂದು ರಾಜ್ಯದಲ್ಲಿ ಡಿಪ್ಲೊಮಾದವರಿಗೆ ಬಿಟ್ಟಿರುವ ಕೆಲಸ ಪಕ್ಕದ ರಾಜ್ಯದಲ್ಲಿ ಬಿಟ್ಟಿರಲಿಕ್ಕಿಲ್ಲ. ಇನ್ನೊಂದು ರಾಜ್ಯದ ಆದೇಶವನ್ನು ವಾಟ್ಸ್ಆ್ಯಪ್‌ನಲ್ಲಿ ತೋರಿಸಿದರೆ ನಂಬಬೇಡಿ.

ಮನುಷ್ಯರ ಕಡೆ ಎರಡು ಬೇಲಿ ಇವೆ. ವೈದ್ಯರ ಹೆಸರು ರಿಜಿಸ್ಟರಿನಲ್ಲಿರಬೇಕು ಎಂಬುದು ಒಂದು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಲ್ಲಿ ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ ಅಥವಾ ಎರಡೂ. ಕ್ಲಿನಿಕ್ಕೇ ನೋಂದಣಿಯಾಗಿರಬೇಕು ಎಂಬುದು ಎರಡನೆಯದು. ಅದು ನಮ್ಮ ರಾಜ್ಯದ್ದೇ ಕಾನೂನು, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಎನ್ನುವುದು ಇದನ್ನೇ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ನೀವು ನೋಡಿದ ಬೀಗ ಈ ಕಡೆಯಿಂದ ಬಂದದ್ದು. ಹಸುವಿನ ಚಿಕಿತ್ಸೆ ಈ ಕೆಪಿಎಂಇಗೆ ಬರುವುದಿಲ್ಲ. ಬಂದರೂ ಬೈಕಿನ ಪೆಟ್ಟಿಗೆಗೆ ಬೀಗ ಹಾಕುವುದು ಹೇಗೆ? ಪಶುವೈದ್ಯ ಕಾಯ್ದೆಯಲ್ಲಿ ಇರುವುದು ವ್ಯಕ್ತಿಯ ಮೇಲಿನ ಬೇಲಿ ಮಾತ್ರ, ಅದರ ದಂಡವೂ 1984ರ ರೂಪಾಯಿ ಬೆಲೆಗೆ ತಕ್ಕಂತೆ ಬರೆದದ್ದು. ರಾಜ್ಯ ಸರ್ಕಾರ ಇದನ್ನು ಸರಿಪಡಿಸಲೇಬೇಕು. ಒಂದು ಹಸುವಿನ ಮೇಲೆ ಒಂದು ಮನೆ ನಿಂತಿರುವಾಗ ಈ ಸಡಿಲ ಸಣ್ಣದಲ್ಲ.

ಹಸು ಸತ್ತದ್ದು ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನ ಹಸುವಿಗೂ ಇದು ಬೇಕಾಗುತ್ತದೆ.

ನೀವು ಬರೆದ ಲಕ್ಷಣಗಳು ಹಾಲು ಜ್ವರದ್ದೇ ಇರಬಹುದು. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ, ತಣ್ಣಗಾಗುತ್ತದೆ. ಕರು ಹಾಕಿದ ಕೂಡಲೇ ರಕ್ತದಲ್ಲಿನ ಕ್ಯಾಲ್ಸಿಯಂ ಹಾಲಿಗೆ ಹರಿದು ಹೋಗುತ್ತದೆ, ಮೂಳೆಯಿಂದ ಅಷ್ಟೇ ವೇಗವಾಗಿ ಹೊರಬರುವುದಿಲ್ಲ. ಸ್ನಾಯುಗಳು ಸೋಲುತ್ತವೆ. ಮೂರನೇ ಸೂಲಿನಿಂದಾಚೆಯ ಹೆಚ್ಚು ಹಾಲಿನ ಹಸುಗಳಲ್ಲಿ, ಕರು ಹಾಕಿದ ಮೊದಲ ಎರಡು ಮೂರು ದಿನಗಳಲ್ಲಿ ಇದು ಹೆಚ್ಚು. ಇದಕ್ಕೆ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಬಾಟಲಿಯೇ ಸರಿಯಾದ ಮದ್ದು. ಸರಿಯಾಗಿ ಹಾಕಿದರೆ ಬಾಟಲಿ ಮುಗಿಯುವಷ್ಟರಲ್ಲಿ ಹಸು ತೇಗಿ, ಸಗಣಿ ಹಾಕಿ, ಎದ್ದು ನಿಲ್ಲುವುದನ್ನು ಕಾಣಬಹುದು.

ಆದರೆ ಅದೇ ಕ್ಯಾಲ್ಸಿಯಂ ಹೃದಯವನ್ನೂ ನಿಲ್ಲಿಸಬಲ್ಲದು. ಒಂದು 450 ಮಿ.ಲೀ. ಬಾಟಲಿಯನ್ನು ಮೈಯ ಬಿಸಿಗೆ ತಂದು, 10ರಿಂದ 20 ನಿಮಿಷ ತೆಗೆದುಕೊಂಡು ನಿಧಾನವಾಗಿ ಬಿಡಬೇಕು. ಬಿಡುವಷ್ಟು ಹೊತ್ತೂ ಎಡ ಮೊಣಕೈಯ ಹಿಂದೆ ಸ್ಟೆತೊಸ್ಕೋಪ್ ಇಟ್ಟು ಎದೆಬಡಿತ ಕೇಳುತ್ತಿರಬೇಕು. ಬಡಿತ ತಪ್ಪಿತೆಂದರೆ, ತೀರ ನಿಧಾನವಾಯಿತೆಂದರೆ, ಅಥವಾ ಒಮ್ಮೆಲೇ ಓಡತೊಡಗಿತೆಂದರೆ ಕೊಳವೆ ಅದುಮಿ ನಿಲ್ಲಿಸಬೇಕು. ಬಾಟಲಿಯನ್ನು ಎತ್ತರಕ್ಕೆ ಹಿಡಿದಷ್ಟೂ ದ್ರವ ವೇಗವಾಗಿ ಇಳಿಯುತ್ತದೆ. ವೇಗ ಹೆಚ್ಚು ಎನಿಸಿದರೆ ಕೈ ಕೆಳಗಿಳಿಸಬೇಕು. ಅರ್ಧವನ್ನು ನರಕ್ಕೆ, ಉಳಿದರ್ಧವನ್ನು ಚರ್ಮದಡಿಗೆ ಕೊಡುವ ರೂಢಿ ಹುಟ್ಟಿದ್ದೂ ಈ ಅಪಾಯ ತಗ್ಗಿಸಲಿಕ್ಕೇ. ಐದು ನಿಮಿಷದಲ್ಲಿ ಪೂರ್ತಿ ಬಾಟಲಿ ನರದೊಳಕ್ಕೆ ಹೋಯಿತು, ಎದೆಗೆ ಯಾರೂ ಕಿವಿ ಕೊಡಲಿಲ್ಲ ಎಂದರೆ ಹೃದಯ ನಿಲ್ಲುವ ಸಂಭವ ನಿಜವಾಗಿಯೂ ಇದೆ. ಅವರು ಹೇಳಿದ ‘ಹಾರ್ಟ್ ಅಟ್ಯಾಕ್’ ರೋಗದ ಹೆಸರಲ್ಲ, ಹೃದಯ ನಿಂತಿತು ಎಂದು ಹೇಳಿದಂತಾಯಿತು ಅಷ್ಟೇ. ಯಾಕೆ ನಿಂತಿತು ಎಂಬುದು ಉಳಿದೇ ಇದೆ.

ಇದರ ಜೊತೆಗೆ ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಕರು ಹಾಕಿದ ಮೇಲೆ ನೆಲ ಹಿಡಿಯುವ ಹಸುಗಳಿಗೆಲ್ಲ ಹಾಲು ಜ್ವರವೇ ಇರುವುದಿಲ್ಲ. ಕೆಚ್ಚಲು ಬಾವು ಏರಿ ಮೈಗೆಲ್ಲ ನಂಜು ಹರಡಿದಾಗ, ಮಾಸು ಒಳಗೇ ಕೊಳೆತಾಗ, ಕರು ಎಳೆಯುವಾಗ ಸೊಂಟದ ನರ ಜಖಂ ಆದಾಗಲೂ ಹಸು ಏಳುವುದಿಲ್ಲ. ನಂಜೇರಿದ ಹಸುವಿನ ಹೃದಯಕ್ಕೆ ಕ್ಯಾಲ್ಸಿಯಂ ಇನ್ನೂ ಅಪಾಯ. ಆದ್ದರಿಂದ ಬಾಟಲಿ ಹಾಕುವ ಮುಂಚೆ ಥರ್ಮಾಮೀಟರ್ ಇಡಬೇಕು, ನಾಲ್ಕೂ ಮೊಲೆಯಿಂದ ಹಾಲು ಹಿಂಡಿ ನೋಡಬೇಕು, ಗರ್ಭ ಪರೀಕ್ಷಿಸಬೇಕು. ಬಾಟಲಿ ಚುಚ್ಚುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಚುಚ್ಚಬಾರದ ಹಸು ಯಾವುದೆಂದು ಗುರುತಿಸಲಿಕ್ಕೆ ಐದೂವರೆ ವರ್ಷದ ಕೋರ್ಸು ಬೇಕಾಗುತ್ತದೆ. ಇಷ್ಟೆಲ್ಲ ನೋಡಿ ಹಾಕಿದ ನೋಂದಾಯಿತ ವೈದ್ಯರ ಕೈಯಲ್ಲೂ ಒಮ್ಮೊಮ್ಮೆ ಹಸು ಉಳಿಯುವುದಿಲ್ಲ. ಅದಕ್ಕೇ ಪೋಸ್ಟ್‌ಮಾರ್ಟಂ ಇಲ್ಲದೆ ‘ಇವರೇ ಕೊಂದರು’ ಎಂದು ಸಾಧಿಸುವುದು ಕಷ್ಟ. ನೋಂದಣಿ ಇಲ್ಲದೆ ಚಿಕಿತ್ಸೆ ಮಾಡಿದರು ಎಂಬುದು ಒಂದು ತಪ್ಪು, ಚಿಕಿತ್ಸೆಯಿಂದಲೇ ಸತ್ತಿತು ಎಂಬುದು ಬೇರೆಯೇ ವಾದ. ಆತನ ಹೆಸರು ರಿಜಿಸ್ಟರಿನಲ್ಲಿ ಇಲ್ಲವೆಂದಾದರೆ ಮೊದಲನೆಯದಕ್ಕೆ ನಿಮ್ಮ ಬಳಿ ಸಾಕ್ಷಿ ಇದೆ. ಎರಡನೆಯದಕ್ಕೆ ಬಲವಾದ ಸಾಕ್ಷಿ ಮಣ್ಣಿನಡಿ ಸೇರಿದೆ.

ವಿಮೆಯ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಜಾನುವಾರು ವಿಮೆಯ ಕ್ಲೇಮಿಗೆ ಸಾಮಾನ್ಯವಾಗಿ ಕೇಳುವುದು ಕೂಡಲೇ ಕೊಟ್ಟ ಮಾಹಿತಿ, ಅರ್ಹ ಪಶುವೈದ್ಯರ ಮರಣ ಪ್ರಮಾಣಪತ್ರ, ಪೋಸ್ಟ್‌ಮಾರ್ಟಂ ವರದಿ, ಕಿವಿ ಓಲೆ, ಫೋಟೊ. ಪ್ರಮಾಣಪತ್ರಕ್ಕೆ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು. ಬೈಕಿನವರು ಬರೆದುಕೊಟ್ಟ ಚೀಟಿ ನಡೆಯುವುದಿಲ್ಲ. ಅನೇಕ ಪಾಲಿಸಿಗಳಲ್ಲಿ ‘ಕೌಶಲವಿಲ್ಲದವರ ಚಿಕಿತ್ಸೆ’ಯಿಂದಾದ ಸಾವಿಗೆ ಪರಿಹಾರವಿಲ್ಲ ಎಂಬ ಷರತ್ತೂ ಇರುತ್ತದೆ. ನೀವು ಈಗ ಸಿಕ್ಕಿಕೊಂಡಿರುವುದು ಇಲ್ಲಿ. ಆತ ವೈದ್ಯರಲ್ಲ ಎಂದು ದೂರು ಕೊಟ್ಟರೆ ಅದೇ ಕಾಗದ ವಿಮೆಯವರ ಕೈಗೆ ನೆಪವಾಗಬಹುದು. ಹಾಗೆಂದು ನಡೆದದ್ದನ್ನು ಬಚ್ಚಿಟ್ಟು, ಈಗ ಯಾರಿಂದಲೋ ಹಿಂದಿನ ತಾರೀಖು ಹಾಕಿಸಿ ಪೋಸ್ಟ್‌ಮಾರ್ಟಂ ವರದಿ ಬರೆಸಿಕೊಳ್ಳುವ ದಾರಿಗೆ ದಯವಿಟ್ಟು ಹೋಗಬೇಡಿ. ಅದು ಸುಳ್ಳು ದಾಖಲೆ. ಸಹಿ ಹಾಕಿದ ವೈದ್ಯರ ನೋಂದಣಿಯೂ ಹೋಗಬಹುದು, ಕೊಟ್ಟ ನಿಮ್ಮ ಮೇಲೂ ಕೇಸು ಬರಬಹುದು.

ಮಾಡಬಹುದಾದದ್ದು ಇಷ್ಟು. ಮೊದಲು ಪಾಲಿಸಿಯ ಷರತ್ತುಗಳ ಪ್ರತಿ ತರಿಸಿ ಓದಿಸಿ. ಈ ಹೊರಗಿಡುವ ಷರತ್ತು ನಿಜಕ್ಕೂ ಇದೆಯೇ ನೋಡಿ. ಆಮೇಲೆ ನಡೆದದ್ದನ್ನು ನಡೆದ ಹಾಗೆಯೇ ಬರೆದು, ಓಲೆಯ 12 ಅಂಕಿಗಳ ಸಂಖ್ಯೆ, ಸತ್ತ ದಿನ, ಹೂತ ಜಾಗ, ನೋಡಿದ ನೆರೆಹೊರೆಯವರ ಹೆಸರು, ಡೇರಿ ಕಾರ್ಯದರ್ಶಿಯ ಪತ್ರ, ಹಾಲಿನ ಪಾಸ್‌ಬುಕ್ಕಿನ ನಕಲು ಇಟ್ಟು ಕ್ಲೇಮ್ ಸಲ್ಲಿಸಿ. ಆ ದಿನ ಮೊಬೈಲಿನಲ್ಲಿ ತೆಗೆದ ಫೋಟೊ ಇದ್ದರೆ ಅಳಿಸಬೇಡಿ. ಬಾಯಿಮಾತಿನ ‘ಇಲ್ಲ’ ಒಪ್ಪಬೇಡಿ, ತಿರಸ್ಕಾರವನ್ನು ಬರಹದಲ್ಲಿ ಕೇಳಿ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದರೂ ಸರಿಹೋಗದಿದ್ದರೆ ವಿಮೆಯ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ, ಆದರೆ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು. ಪೋಸ್ಟ್‌ಮಾರ್ಟಂ ಇಲ್ಲದ ಕ್ಲೇಮ್ ದುರ್ಬಲವೇ. ಸತ್ತದ್ದು ವಿಮೆ ಮಾಡಿಸಿದ ಆ ಹಸುವೇ ಎಂದು ಗಟ್ಟಿಯಾಗಿ ತೋರಿಸಿದರೆ ಮಾತಾಡಲು ಸ್ವಲ್ಪ ಜಾಗ ಸಿಗುತ್ತದೆ.

ದೂರಿನ ವಿಷಯಕ್ಕೆ ಬಂದರೆ, ಮೊದಲ ಹೆಜ್ಜೆ ಆತ ಯಾರೆಂದು ತಿಳಿಯುವುದು. ಹೆಸರು ಗೊತ್ತಿದೆ, ಫೋನ್‌ಪೇ ದಾಖಲೆ ಇದೆ. ಆ ಹೆಸರಿನವರು ರಿಜಿಸ್ಟರಿನಲ್ಲಿದ್ದಾರೆಯೇ ಎಂದು ರಾಜ್ಯ ಪರಿಷತ್ತಿಗೆ, ಆತ ಇಲಾಖೆಯ ನೌಕರರೇ ಮತ್ತು ಡಿಪ್ಲೊಮಾದವರಿಗೆ ಅನುಮತಿಸಿದ ಸೇವೆಗಳ ಆದೇಶದ ಪ್ರತಿ ಕೊಡಿ ಎಂದು ಪಶುಪಾಲನಾ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ಉದ್ದಕ್ಕೆ ಕಥೆ ಬರೆದ ಅರ್ಜಿಗಳು ವಾಪಸು ಬರುತ್ತವೆ. ಹೆಸರು ಒಮ್ಮೆ ರಿಜಿಸ್ಟರ್ ಸೇರಿದರೂ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಾಗಾಗಿ ‘ಈ ದಿನಾಂಕದಂದು ನೋಂದಣಿ ಚಾಲ್ತಿಯಲ್ಲಿತ್ತೇ’ ಎಂದೇ ಕೇಳಿ.

ಉತ್ತರ ಏನು ಬರುತ್ತದೆ ಎಂಬುದರ ಮೇಲೆ ದಾರಿ ಬದಲಾಗುತ್ತದೆ. ಆತ ನೋಂದಾಯಿತ ವೈದ್ಯರೇ ಆಗಿದ್ದರೆ ಇದು ವೃತ್ತಿ ನಿರ್ಲಕ್ಷ್ಯದ ದೂರು, ಹೋಗಬೇಕಾದದ್ದು ರಾಜ್ಯ ಪರಿಷತ್ತಿಗೆ. ಇಲಾಖೆಯ ಡಿಪ್ಲೊಮಾ ನೌಕರರಾಗಿದ್ದರೆ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ, ಪ್ರತಿಯನ್ನು ಜಿಲ್ಲೆಯ ಉಪನಿರ್ದೇಶಕರಿಗೆ ಕೊಡಿ. ಆಗ ಅವರ ಮೇಲಿನ ವೈದ್ಯಾಧಿಕಾರಿಯೂ ಉತ್ತರ ಹೇಳಬೇಕಾಗುತ್ತದೆ. ಎರಡೂ ಅಲ್ಲದಿದ್ದರೆ ಉಪನಿರ್ದೇಶಕರಿಗೂ ಪರಿಷತ್ತಿಗೂ 30ನೇ ಕಲಮಿನ ಉಲ್ಲಂಘನೆ ಎಂದು ಬರೆದುಕೊಡಿ. ತಾನು ಡಾಕ್ಟರ್ ಎಂದು ಬೋರ್ಡಿನಲ್ಲೋ ಚೀಟಿಯಲ್ಲೋ ಹಾಕಿಕೊಂಡಿದ್ದರೆ ಅದರ ಫೋಟೊ ಇಡಿ, ಪೊಲೀಸರಿಗೆ ವಂಚನೆಯ ದೂರು ಕೊಡಲು ಅದು ಆಧಾರವಾಗುತ್ತದೆ. ಊರಿನವರು ರೂಢಿಯಲ್ಲಿ ಡಾಕ್ಟರೇ ಎಂದರು, ಆತ ಎಲ್ಲಿಯೂ ಹಾಗೆ ಹೇಳಿಕೊಂಡಿಲ್ಲ ಎಂದಾದರೆ ಪೊಲೀಸ್ ದಾರಿ ಹೆಚ್ಚು ದೂರ ಹೋಗುವುದಿಲ್ಲ.

ನಷ್ಟದ ಹಣ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನೀವು ದುಡ್ಡು ಕೊಟ್ಟು ಸೇವೆ ಪಡೆದಿದ್ದೀರಿ, ಆದ್ದರಿಂದ ನೀವು ಗ್ರಾಹಕರು. ಸರ್ಕಾರಿ ಆಸ್ಪತ್ರೆಯ ಉಚಿತ ಚಿಕಿತ್ಸೆಗೆ ಈ ದಾರಿ ಸಿಗುತ್ತಿರಲಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ವಕೀಲರಿಲ್ಲದೆ ನೀವೇ ವಾದಿಸಬಹುದು. ಹಸುವಿನ ಬೆಲೆಗೆ ಕೊಂಡ ರಸೀದಿ, ವಿಮೆಯಲ್ಲಿ ನಮೂದಾದ ಮೊತ್ತ, ಡೇರಿಯ ಹಾಲಿನ ಲೆಕ್ಕ ಆಧಾರವಾಗುತ್ತವೆ. ಎದುರು ಪಕ್ಷ ‘ಹಸು ಹೇಗೂ ಸಾಯುತ್ತಿತ್ತು’ ಎನ್ನುತ್ತದೆ. ಆಗ ನೋಂದಾಯಿತ ಪಶುವೈದ್ಯರೊಬ್ಬರ ಲಿಖಿತ ಅಭಿಪ್ರಾಯ ನಿಮಗೆ ಬೇಕಾಗುತ್ತದೆ. ಐದು ನಿಮಿಷದಲ್ಲಿ ಬಾಟಲಿ ಮುಗಿದದ್ದನ್ನು ಕಂಡವರು ಯಾರೆಂದು ಈಗಲೇ ಬರೆದಿಟ್ಟುಕೊಳ್ಳಿ, ಆರು ತಿಂಗಳಾದರೆ ನೆನಪು ಮಸುಕಾಗುತ್ತದೆ. ಖಾಲಿ ಬಾಟಲಿ ತಿಪ್ಪೆಯಲ್ಲೇನಾದರೂ ಬಿದ್ದಿದ್ದರೆ ಎತ್ತಿಟ್ಟುಕೊಳ್ಳಿ. ಅದರ ಮೇಲೆ ಬ್ಯಾಚ್ ನಂಬರ್ ಇರುತ್ತದೆ.

‘ದೂರು ಕೊಟ್ಟರೆ ಯಾರೂ ಬರುವುದಿಲ್ಲ’ ಎಂಬ ನಿಮ್ಮ ಭಯವನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಅದು ನಿಜವಾಗಿಯೂ ಆಗುತ್ತದೆ. ಹೋಬಳಿಗೆಲ್ಲ ಒಬ್ಬರೇ ವೈದ್ಯರು, ರಾತ್ರಿ ಫೋನ್ ತೆಗೆಯುವುದು ಬೈಕಿನವರು ಮಾತ್ರ ಎಂಬ ಊರುಗಳಲ್ಲಿ ಒಬ್ಬಂಟಿಯಾಗಿ ದೂರು ಕೊಟ್ಟವರು ಊರಿನವರ ಮಾತಿಗೂ ಗುರಿಯಾಗುತ್ತಾರೆ. ಆದ್ದರಿಂದ ಒಬ್ಬರೇ ಹೋಗಬೇಡಿ. ಡೇರಿ ಸಂಘದ ಸಭೆಯಲ್ಲಿ ವಿಷಯ ಇಡಿ. ಆತನನ್ನು ಊರು ಬಿಡಿಸಿ ಎಂದು ಕೇಳಬೇಡಿ, ತುರ್ತಿಗೆ ಕರೆಯಬಹುದಾದ ಒಬ್ಬ ನೋಂದಾಯಿತ ವೈದ್ಯರನ್ನು ಗೊತ್ತುಮಾಡಿ ಎಂದು ಕೇಳಿ. ಹಾಲು ಒಕ್ಕೂಟಗಳಲ್ಲಿ ಪಶುವೈದ್ಯರಿದ್ದಾರೆ, ಸಂಘದ ಮೂಲಕ ಬರೆದರೆ ಊರಿಗೆ ಬರುವ ದಿನ ಮತ್ತು ತುರ್ತು ಕರೆಯ ನಂಬರ್ ಪಡೆಯಬಹುದು. ಬೈಕಿನವರು ನಿಜವಾಗಿ ಡಿಪ್ಲೊಮಾ ಪಡೆದವರಾಗಿದ್ದರೆ ಆ ವೈದ್ಯರ ಕೈಕೆಳಗೆ ಲಸಿಕೆ, ಗಾಯದ ಆರೈಕೆ ಮಾಡಿಕೊಂಡು ಇರಬಹುದು. ಅವರ ಹೊಟ್ಟೆಪಾಡೂ ನಡೆಯುತ್ತದೆ, ಹಸುವೂ ಉಳಿಯುತ್ತದೆ.

1962 ನಂಬರನ್ನು ಮೊಬೈಲಿನಲ್ಲಿ ಹಾಕಿಕೊಂಡಿದ್ದೀರಾ? ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಉಚಿತ ನಂಬರ್ ಅದು. ಒಂದೊಂದು ವಾಹನದಲ್ಲಿ ಒಬ್ಬ ಪಶುವೈದ್ಯರು, ಒಬ್ಬ ಸಹಾಯಕರು, ಚಾಲಕರು ಇರಬೇಕೆಂಬುದು ಯೋಜನೆಯ ನಿಯಮ. ಕರೆಯ ದಿನ, ಗಂಟೆ ಬರೆದಿಡಿ. ವಾಹನ ಬರದಿದ್ದರೂ, ನೀವು ಮೊದಲು ಅರ್ಹರನ್ನೇ ಕರೆದಿರಿ ಎಂಬುದಕ್ಕೆ ಮುಂದೆ ಅದೇ ಪುರಾವೆ.

ಇನ್ನು ಯಾರೇ ಬಂದು ಹಸುವಿನ ಹತ್ತಿರ ಹೋಗುವ ಮುಂಚೆ ‘ನಿಮ್ಮ ನೋಂದಣಿ ನಂಬರ್ ಎಷ್ಟು, ಇಲ್ಲದಿದ್ದರೆ ಯಾವ ಡಾಕ್ಟರು ಹೇಳಿ ಕಳಿಸಿದರು?’ ಎಂದು ಕೇಳಿ. ನಾಚಿಕೊಳ್ಳಬೇಡಿ. ನೋಂದಾಯಿತ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ, ನಂಬರ್ ಅವರ ಚೀಟಿಯ ಮೇಲೇ ಇರುತ್ತದೆ. ಕೊಟ್ಟ ಮದ್ದಿನ ಹೆಸರು ಬರೆಸಿಕೊಳ್ಳಿ. ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಎಂದು ಕೇಳಿ. ಅದು ಲೇಬಲ್ಲಿನಲ್ಲಿ ಇರಬೇಕು. ಇಲ್ಲದಿದ್ದರೆ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಆ್ಯಂಟಿಬಯಾಟಿಕ್ ಕೊಟ್ಟು ಇದನ್ನು ಹೇಳದೆ ಹೋಗುವವರು ಇಡೀ ಸಂಘದ ಹಾಲಿಗೆ ಅಪಾಯ ತರುತ್ತಾರೆ. ನೋವಿನ ಇಂಜೆಕ್ಷನ್ ಎಂದು 3 ಮಿ.ಲೀ.ನ ಪುಟ್ಟ ಪುಟ್ಟ ಬಾಟಲಿಗಳನ್ನು ಒಂದಾದ ಮೇಲೊಂದು ಒಡೆದು ಒಂದೇ ಸಿರಿಂಜಿಗೆ ತುಂಬುತ್ತಿದ್ದರೆ ತಡೆದು ಹೆಸರು ಓದಿ. ಡೈಕ್ಲೊಫೆನಾಕ್ ಅನ್ನು ಜಾನುವಾರಿಗೆ 2006ರಲ್ಲೇ ನಿಷೇಧಿಸಲಾಗಿದೆ. ಮನುಷ್ಯರ ದೊಡ್ಡ ಬಾಟಲಿ ಹಸುವಿಗೆ ಬಳಕೆಯಾಗುತ್ತಿದೆ ಎಂದೇ 2015ರಲ್ಲಿ ಅದನ್ನು 3 ಮಿ.ಲೀ.ಗೆ ಇಳಿಸಿದರು. ಅಸಿಕ್ಲೊಫೆನಾಕ್, ಕೀಟೊಪ್ರೊಫೆನ್ ಎಂಬ ನೋವಿನ ಮದ್ದುಗಳೂ ಜಾನುವಾರಿಗೆ 2023ರಲ್ಲಿ ನಿಷೇಧವಾದವು. ಈ ಮದ್ದು ಹಾಕಿಸಿಕೊಂಡ ಹಸುವಿನ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳಿಗೂ ನಮ್ಮ ಕೊಟ್ಟಿಗೆಗೂ ಇರುವ ಸಂಬಂಧ ಇದು. ಅರ್ಹ ವೈದ್ಯರ ಬಳಿ ಇವುಗಳ ಬದಲಿಗೆ ಕೊಡುವ ಮೆಲಾಕ್ಸಿಕ್ಯಾಂ ಇರುತ್ತದೆ.

ಒಂದು ವೇಳೆ ಮತ್ತೆ ಹಸು ಸತ್ತರೆ, ಎಷ್ಟೇ ದುಃಖವಿದ್ದರೂ ಹೂಳುವ ಮುಂಚೆ ವಿಮೆಯವರಿಗೂ ಸರ್ಕಾರಿ ವೈದ್ಯರಿಗೂ ತಿಳಿಸಿ, ಕಿವಿಯಲ್ಲಿ ಓಲೆ ಇರುವ ಹಾಗೆಯೇ ಫೋಟೊ ತೆಗೆಯಿರಿ. ಓಲೆಯನ್ನು ನೀವೇ ಬಿಚ್ಚಬೇಡಿ. ಒಂದೇ ಒಂದು ಎಚ್ಚರ: ಹಠಾತ್ತಾಗಿ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಕೊಯ್ಯಬಾರದು, ಕೊಯ್ಯಲೂ ಬಿಡಬಾರದು. ವೈದ್ಯರು ಬರುವವರೆಗೆ ಜನ, ನಾಯಿ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.

ಈಗ ನಿಮ್ಮ ಏಳು ತಿಂಗಳ ಗಬ್ಬದ ಹಸು. ಕರು ಹಾಕಲು ಇನ್ನೂ ಎರಡು ತಿಂಗಳಿದೆ, ಅದು ಒಳ್ಳೆಯ ಕಾಲಾವಕಾಶ. ಹಾಲು ಬತ್ತಿಸಿದ್ದೀರಾ ನೋಡಿ, ಇಲ್ಲದಿದ್ದರೆ ಈ ವಾರವೇ ಶುರು ಮಾಡಿ. ಕೊನೆಯ ಮೂರು ವಾರ ‘ಶಕ್ತಿ ಬರಲಿ’ ಎಂದು ಕ್ಯಾಲ್ಸಿಯಂ ಕುಡಿಸಬೇಡಿ. ಆಗ ಕೊಟ್ಟರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸವೇ ದೇಹಕ್ಕೆ ತಪ್ಪಿ, ಕರು ಹಾಕಿದ ಮೇಲೆ ಹಾಲು ಜ್ವರ ಸುಲಭವಾಗಿ ಬರುತ್ತದೆ. ಕರು ಹಾಕಿದ ಮೇಲೆ ಬಾಯಿಂದ ಕೊಡುವ ಕ್ಯಾಲ್ಸಿಯಂ ಜೆಲ್ ಬೇಕೇ, ಎಷ್ಟು ಎಂಬುದನ್ನು ವೈದ್ಯರನ್ನು ಈಗಲೇ ಒಮ್ಮೆ ಕೊಟ್ಟಿಗೆಗೆ ಕರೆಸಿ ಬರೆಸಿಕೊಳ್ಳಿ. ಅದೇ ಭೇಟಿಯಲ್ಲಿ ಓಲೆ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ನೋಡಿಸಿ, ಈ ಹಸುವಿಗೂ ವಿಮೆ ಮಾಡಿಸಿ. ಕೊಟ್ಟಿಗೆಯ ಗೋಡೆಗೆ ಒಂದು ರಟ್ಟು ನೇತುಹಾಕಿ ಅದರ ಮೇಲೆ ಗಬ್ಬದ ದಿನಾಂಕ, ಓಲೆಯ 12 ಅಂಕಿ, ಆ ವೈದ್ಯರ ಹೆಸರು, ನೋಂದಣಿ ನಂಬರ್, ಫೋನು, 1962 ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ. ನೀವು ಊರಿನಲ್ಲಿಲ್ಲದ ದಿನ ಹಸು ಮಲಗಿದರೂ ಮನೆಯಲ್ಲಿದ್ದ ಮಕ್ಕಳು ಅದನ್ನು ಓದಿ ಫೋನ್ ಮಾಡುವ ಹಾಗಿರಲಿ.